ನೆರಳನ್ನು ಓದುವ ವೈದ್ಯರು



ನಾನು ವೈದ್ಯನಲ್ಲ; ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುವ ಅಧ್ಯಾಪಕ. ಕ್ಷ-ಕಿರಣಗಳ ವಿಷಯವಾಗಿ ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತ ಬಂದಿದ್ದೇನೆ. ಅವು ಹುಟ್ಟುವ ಬಗೆಯೇನು, ಅವುಗಳ ಅಲೆಯುದ್ದವೆಷ್ಟು, ಯಾವ ವಸ್ತು ಅವನ್ನು ಎಷ್ಟರಮಟ್ಟಿಗೆ ತಡೆಯುತ್ತದೆ ಎಂಬುದನ್ನೆಲ್ಲ ಕರಿಹಲಗೆಯ ಮೇಲೆ ಬರೆದು ತೋರಿಸಿದ್ದೇನೆ. ಆದರೆ ಆ ಕಿರಣಗಳು ಬರೆದ ಚಿತ್ರವು ರೋಗಿಗೆ ಏನನ್ನು ಹೇಳಬಲ್ಲುದು, ಏನನ್ನು ಹೇಳಲಾರದು ಎಂಬ ಸಂಗತಿ ನನಗೆ ಮನವರಿಕೆಯಾದುದು ನನ್ನ ಎದೆಯ ಚಿತ್ರವೇ ವೈದ್ಯರ ಮುಂದೆ ನಿಂತ ದಿವಸ. ಆ ಅನುಭವವನ್ನು ನೆಪಮಾಡಿಕೊಂಡು, ಶರೀರದ ಒಳಗನ್ನು ಚಿತ್ರದಲ್ಲಿ ಕಂಡು ರೋಗವನ್ನು ನಿರ್ಣಯಿಸುವ ವೈದ್ಯರ ಕೆಲಸ ಎಂಥದು, ಆ ಕೆಲಸದಲ್ಲಿ ರೋಗಿಯ ಪಾಲೇನು ಎಂಬುದನ್ನು ಕುರಿತು ಕೆಲವು ಮಾತುಗಳನ್ನು ತಮ್ಮ ಮುಂದೆ ಅರಿಕೆಮಾಡಿಕೊಳ್ಳುತ್ತೇನೆ.

ಎರಡು ವರ್ಷಗಳ ಕೆಳಗೆ ನನಗೊಂದು ಕೆಮ್ಮು ಅಂಟಿಕೊಂಡಿತು. ಕಷಾಯಕ್ಕೂ ಬಗ್ಗಲಿಲ್ಲ, ಔಷಧಿಯಂಗಡಿಯ ಸಿರಪ್ಪಿಗೂ ಬಗ್ಗಲಿಲ್ಲ. ತಿಂಗಳು ಮೀರಿದ ಮೇಲೆ ನಮ್ಮ ಮನೆಯ ಡಾಕ್ಟರು ಎದೆಯ ಚಿತ್ರವನ್ನು ತೆಗೆಸಿಕೊಂಡು ಬರಲು ಚೀಟಿ ಬರೆದುಕೊಟ್ಟರು. ತೆಗೆಸಿದೆ. ಚಿತ್ರದೊಡನೆ ಬಂದ ವರದಿಯಲ್ಲಿ, ಬಲಗಡೆಯ ಶ್ವಾಸಕೋಶದ ಮೇಲುಭಾಗದಲ್ಲಿ ಒಂದು ನೆರಳು ಕಾಣುತ್ತದೆ. ಅದು ಹಳೆಯದೋ ಹೊಸದೋ ಹೇಳಲಾಗದು. ಹಿಂದೆ ತೆಗೆದ ಚಿತ್ರವಿದ್ದರೆ ಹೋಲಿಸಿ ನೋಡತಕ್ಕದ್ದು ಎಂದು ಬರೆದಿತ್ತು. ಹಿಂದಿನ ಚಿತ್ರ ನನ್ನಲ್ಲಿರಲಿಲ್ಲ. ಹಿಂದೆ ಎಂದಾದರೂ ಕ್ಷಯರೋಗವಾಗಿತ್ತೆ ಎಂದು ಡಾಕ್ಟರು ಕೇಳಿದರು. ಇಲ್ಲವೆಂದು ನಾನು ಧೈರ್ಯವಾಗಿ ಹೇಳಿದೆ. ಹಾಗಾದರೆ ಸ್ಕ್ಯಾನ್ ಮಾಡಿಸಬೇಕು, ಆಮೇಲೆ ಸೂಜಿ ಹಾಕಿ ಒಂದು ತುಣುಕನ್ನು ತೆಗೆದು ಪರೀಕ್ಷಿಸಬೇಕಾದೀತು ಎಂದರು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ನಿದ್ದೆಮಾಡಲಿಲ್ಲ.

ಈ ಕಥೆಯನ್ನು ಇಲ್ಲಿಗೆ ನಿಲ್ಲಿಸಿ, ಆ ನೆರಳೆಂದರೆ ಏನೆಂಬುದನ್ನು ಮೊದಲು ನೋಡೋಣ.

1895ನೆಯ ಇಸವಿ ನವೆಂಬರ್ 8ರ ಸಂಜೆ, ಜರ್ಮನಿಯ ವೂರ್ಟ್ಸ್‌ಬರ್ಗ್ ಪಟ್ಟಣದ ವಿಶ್ವವಿದ್ಯಾನಿಲಯದಲ್ಲಿ ವಿಲ್ಹೆಲ್ಮ್ ರಾಂಟ್‌ಗೆನ್ ಎಂಬ ಪ್ರಾಧ್ಯಾಪಕರು, ಗಾಳಿಯನ್ನು ಬಹುಮಟ್ಟಿಗೆ ತೆಗೆದುಹಾಕಿದ ಗಾಜಿನ ನಳಿಕೆಯಲ್ಲಿ ವಿದ್ಯುತ್ತನ್ನು ಹರಿಯಗೊಟ್ಟು ಪ್ರಯೋಗ ನಡೆಸುತ್ತಿದ್ದರು. ನಳಿಕೆಗೆ ಕಪ್ಪು ರಟ್ಟಿನ ಮುಸುಕು ಹಾಕಿತ್ತು, ಕೋಣೆ ಕತ್ತಲೆಯಾಗಿತ್ತು. ಆದರೂ ಸ್ವಲ್ಪ ದೂರದಲ್ಲಿದ್ದ, ರಾಸಾಯನಿಕ ಲವಣವನ್ನು ಬಳಿದ ತೆರೆಯೊಂದು ಮಿನುಗತೊಡಗಿತು. ರಟ್ಟನ್ನು ದಾಟಿಬಂದ ಈ ಕಿರಣ ಯಾವುದೆಂದು ತಿಳಿಯದಿದ್ದುದರಿಂದ, ಬೀಜಗಣಿತದಲ್ಲಿ ತಿಳಿಯದ ಮೊತ್ತಕ್ಕಿಡುವ ಎಕ್ಸ್ ಎಂಬ ಅಕ್ಷರವನ್ನೇ ಅವರು ಅದಕ್ಕೆ ಹೆಸರಾಗಿಟ್ಟರು. ನಮ್ಮವರು ಅದನ್ನು ಕ್ಷ-ಕಿರಣವೆಂದು ಕರೆದರು. ಅದೇ ಡಿಸೆಂಬರ್ 22ರಂದು ಆ ಪ್ರಾಧ್ಯಾಪಕರು ತಮ್ಮ ಪತ್ನಿಯ ಕೈಯನ್ನು ಫಲಕದ ಮೇಲಿರಿಸಿ ಚಿತ್ರ ತೆಗೆದರು. ಬೆರಳ ಮೂಳೆಗಳೂ ಬೆರಳಲ್ಲಿದ್ದ ಉಂಗುರವೂ ಅದರಲ್ಲಿ ಮೂಡಿದುವು. 1901ರಲ್ಲಿ ಭೌತವಿಜ್ಞಾನಕ್ಕಾಗಿ ಕೊಟ್ಟ ಮೊಟ್ಟಮೊದಲ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. ತಮ್ಮ ಶೋಧನೆಯ ಮೇಲೆ ಅವರು ಪೇಟೆಂಟಿನ ಹಕ್ಕನ್ನು ಕೇಳಲಿಲ್ಲ. ಪಾರಿತೋಷಕದ ಹಣವನ್ನು ವಿಶ್ವವಿದ್ಯಾನಿಲಯಕ್ಕೇ ಕೊಟ್ಟುಬಿಟ್ಟರು. ಇಂದು ಜಗತ್ತಿನ ಮೂಲೆಮೂಲೆಯ ಆಸ್ಪತ್ರೆಯಲ್ಲಿಯೂ ಈ ಕಿರಣವು ಬಡವರಿಗೂ ದೊರೆಯುವುದಕ್ಕೆ ಆ ಔದಾರ್ಯವೂ ಒಂದು ಕಾರಣವೆನ್ನಬೇಕು.

ಈಗ ನೆರಳಿನ ಮಾತು. ಕ್ಷ-ಕಿರಣವು ಶರೀರವನ್ನು ಹಾದುಹೋಗುವಾಗ ಎಲ್ಲ ಕಡೆಯೂ ಒಂದೇ ಸಮನಾಗಿ ಹಾದುಹೋಗುವುದಿಲ್ಲ. ಗಾಳಿ ಅದನ್ನು ತಡೆಯುವುದು ಇಲ್ಲವೇ ಇಲ್ಲವೆನ್ನುವಷ್ಟು ಕಡಮೆ. ಕೊಬ್ಬು ಸ್ವಲ್ಪ ತಡೆಯುತ್ತದೆ. ನೀರು, ರಕ್ತ, ಮಾಂಸಗಳು ಅದಕ್ಕಿಂತ ಹೆಚ್ಚಾಗಿ ತಡೆಯುತ್ತವೆ. ಸುಣ್ಣದ ಅಂಶವಿರುವ ಮೂಳೆ ಬಹಳವಾಗಿ ತಡೆಯುತ್ತದೆ. ಲೋಹ ಎಲ್ಲಕ್ಕಿಂತ ಹೆಚ್ಚು. ಆದುದರಿಂದ ಚಿತ್ರದಲ್ಲಿ ಗಾಳಿ ತುಂಬಿದ ಶ್ವಾಸಕೋಶ ಕಪ್ಪಾಗಿಯೂ ಮೂಳೆ ಬಿಳುಪಾಗಿಯೂ ಕಾಣುತ್ತವೆ. ವೈದ್ಯರ ಮುಂದಿರುವ ಬಣ್ಣಗಳು ಈ ಐದೇ. ಕಷ್ಟವಿರುವುದೂ ಇಲ್ಲಿಯೇ. ಶ್ವಾಸಕೋಶದಲ್ಲಿ ಕೀವು ತುಂಬಿದರೂ, ನೀರು ನಿಂತರೂ, ರಕ್ತ ಸುರಿದರೂ, ಗಂತಿ ಬೆಳೆದರೂ, ಎಂದೋ ಮಾಯ್ದ ಗಾಯದ ಕಲೆ ಉಳಿದಿದ್ದರೂ, ಅವೆಲ್ಲದರ ಬಣ್ಣ ಹೆಚ್ಚುಕಡಮೆ ಒಂದೇ. ಆಕಾರದಿಂದಲೂ ನೆಲೆಯಿಂದಲೂ ಅಂಚಿನಿಂದಲೂ ಅವನ್ನು ಬೇರೆ ಬೇರೆಯಾಗಿ ಗುರುತಿಸಬೇಕು. ಸಾಲದುದಕ್ಕೆ, ಎದೆಯ ಮುಂದಿರುವುದೂ ಹಿಂದಿರುವುದೂ ಒಂದೇ ಹಾಳೆಯ ಮೇಲೆ ಒಂದರ ಮೇಲೊಂದು ಬಿದ್ದಿರುತ್ತವೆ.

ನಮ್ಮ ಹಳ್ಳಿಗಳ ತೊಗಲುಬೊಂಬೆಯಾಟವನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿದೀತು. ತೆರೆಯ ಮೇಲೆ ಬಿಲ್ಲು ಹಿಡಿದ ಒಂದು ಆಕೃತಿ ಬಂದು ನಿಲ್ಲುತ್ತದೆ. ಅದು ರಾಮನೋ, ಲಕ್ಷ್ಮಣನೋ, ಅರ್ಜುನನೋ? ಕಥೆ ಹೇಳುವವನು ಬಾಯಿಬಿಟ್ಟ ಮೇಲಲ್ಲವೆ ನಮಗೆ ನಿಶ್ಚಯವಾಗುವುದು? ಕ್ಷ-ಕಿರಣದ ಚಿತ್ರದ ಸ್ಥಿತಿಯೂ ಹಾಗೆಯೇ. ಅದಕ್ಕೆ ಕಥೆಯೊಂದು ಜೊತೆಯಲ್ಲಿರಬೇಕು.

ಈ ನೆರಳನ್ನು ಓದುವವರೇ ರೇಡಿಯಾಲಜಿಸ್ಟರು. ಇವರ ವಿಷಯದಲ್ಲಿ ಜನಗಳಿಗೆ ಒಂದು ತಪ್ಪು ತಿಳಿವಳಿಕೆಯುಂಟು. ನಮ್ಮನ್ನು ಯಂತ್ರದ ಮುಂದೆ ನಿಲ್ಲಿಸಿ, ಉಸಿರು ಬಿಗಿಹಿಡಿಯಿರಿ ಎಂದು ಹೇಳಿ ಗುಂಡಿಯೊತ್ತುವವರನ್ನೇ ನಾವು ಆ ವೈದ್ಯರೆಂದು ಭಾವಿಸುತ್ತೇವೆ. ಅವರು ಚಿತ್ರ ತೆಗೆಯುವ ತಂತ್ರಜ್ಞರು. ಅವರದೂ ಕಲಿತು ಮಾಡಬೇಕಾದ ಕೆಲಸವೇ. ಓದುವವರು ಬೇರೆ. ಅವರು ಇತರ ವೈದ್ಯರಂತೆಯೇ ಎಂ.ಬಿ.ಬಿ.ಎಸ್. ಮುಗಿಸಿ, ಅದರ ಮೇಲೆ ಈ ಶಾಸ್ತ್ರವನ್ನೇ ವರ್ಷಗಟ್ಟಲೆ ಅಭ್ಯಾಸಮಾಡಿದವರು. ಮಂದವಾದ ಬೆಳಕಿನ ಕೋಣೆಯಲ್ಲಿ ಕುಳಿತು, ಹಿಂದೆ ದೀಪದ ಪೆಟ್ಟಿಗೆಯ ಮೇಲೆ, ಈಗ ಕಂಪ್ಯೂಟರಿನ ತೆರೆಯ ಮೇಲೆ, ಒಂದಾದ ಮೇಲೊಂದರಂತೆ ಚಿತ್ರಗಳನ್ನು ನೋಡಿ, ಕಂಡುದೇನು, ಅದರಿಂದ ಊಹಿಸಬಹುದಾದುದೇನು ಎಂಬೆರಡನ್ನೂ ಬೇರ್ಪಡಿಸಿ ವರದಿ ಬರೆಯುತ್ತಾರೆ. ಸ್ಕ್ಯಾನಿನ ಆಸರೆಯಿಂದ ಆಳದ ಗಂತಿಗೆ ಸೂಜಿಯನ್ನು ಮುಟ್ಟಿಸುವುದೂ, ಮುಚ್ಚಿದ ರಕ್ತನಾಳವನ್ನು ತೆರೆಯುವುದೂ ಅವರಲ್ಲಿ ಕೆಲವರ ಕೆಲಸ. ನಮ್ಮ ಚಿಕಿತ್ಸೆಯ ದಿಕ್ಕನ್ನು ಎಷ್ಟೋ ವೇಳೆ ಇವರೇ ನಿಶ್ಚಯಿಸುತ್ತಾರಾದರೂ ನಾವು ಇವರ ಮುಖವನ್ನೇ ಕಂಡಿರುವುದಿಲ್ಲ. ಅವರೂ ನಮ್ಮ ಮುಖವನ್ನು ಕಂಡಿರುವುದಿಲ್ಲ. ಹೆಸರು, ವಯಸ್ಸು, ಚೀಟಿಯಲ್ಲಿ ಬರೆದ ಒಂದು ಸಾಲು, ಇಷ್ಟೇ ಅವರಿಗೆ ದೊರೆಯುವುದು.

ಓದುವ ಕಣ್ಣು ಎಷ್ಟು ಪಳಗಿದ್ದರೂ ಅದು ಮನುಷ್ಯನ ಕಣ್ಣೇ ಸರಿ. 1947ರಲ್ಲಿ ಅಮೆರಿಕದ ವೈದ್ಯರು ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಸಾವಿರಕ್ಕೂ ಹೆಚ್ಚು ಮಂದಿಯ ಎದೆಯ ಚಿತ್ರಗಳನ್ನು ನಾಲ್ಕು ಬೇರೆ ಬೇರೆ ವಿಧಾನಗಳಿಂದ ತೆಗೆದು, ಕ್ಷಯವನ್ನು ಗುರುತಿಸುವುದಕ್ಕೆ ಯಾವ ವಿಧಾನ ಮೇಲೆಂದು ಐವರು ಅನುಭವಿಗಳಿಂದ ಓದಿಸಿದರು. ಫಲಿತಾಂಶ ನಿರೀಕ್ಷಿಸಿದಂತಿರಲಿಲ್ಲ. ವಿಧಾನ ವಿಧಾನಗಳಿಗಿದ್ದ ಅಂತರಕ್ಕಿಂತ ಓದುಗ ಓದುಗರಿಗಿದ್ದ ಅಂತರವೇ ಹೆಚ್ಚಾಗಿತ್ತು. ಅದೇ ವೈದ್ಯರು ಅದೇ ಚಿತ್ರವನ್ನು ಎರಡನೆಯ ಸಲ ಓದಿದಾಗ ತಮ್ಮ ಮಾತಿಗೆ ತಾವೇ ಭಿನ್ನವಾಗಿ ಹೇಳಿದುದೂ ಉಂಟು. ಈಚಿನ ಮತ್ತೊಂದು ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಶ್ವಾಸಕೋಶದ ಸ್ಕ್ಯಾನಿನಲ್ಲಿ ಸಣ್ಣ ಗಂತಿಗಳನ್ನು ಹುಡುಕಿರೆಂದು 24 ಮಂದಿ ರೇಡಿಯಾಲಜಿಸ್ಟರಿಗೆ ಹೇಳಿ, ಆ ಚಿತ್ರದೊಳಗೆ ಗೊರಿಲ್ಲಾದ ಆಕೃತಿಯೊಂದನ್ನು ಸೇರಿಸಿದ್ದರು. ಅದು ಸಾಧಾರಣ ಗಂತಿಯ 48ರಷ್ಟು ದೊಡ್ಡದಾಗಿತ್ತು. 20 ಮಂದಿಗೆ ಅದು ಕಾಣಲೇ ಇಲ್ಲ! ನಗುವ ವಿಷಯವಲ್ಲ ಇದು. ಏನನ್ನು ಹುಡುಕೆಂದು ಹೇಳುತ್ತೇವೆಯೋ ಕಣ್ಣು ಅದನ್ನೇ ಹುಡುಕುತ್ತದೆ. ಆದುದರಿಂದ ಚೀಟಿಯಲ್ಲಿ ‘ಎದೆಯ ಚಿತ್ರ’ ಎಂದಷ್ಟೇ ಬರೆಯುವುದಕ್ಕೂ, ‘ಒಂದು ತಿಂಗಳ ಕೆಮ್ಮು, ತೂಕ ಇಳಿದಿದೆ, ಹಿಂದೆ ಕ್ಷಯವಾಗಿತ್ತು’ ಎಂದು ಬರೆಯುವುದಕ್ಕೂ ಅಜಗಜಾಂತರವಿದೆ.

ಈಗ ನನ್ನ ಕಥೆಗೆ ಮರಳುತ್ತೇನೆ. ಸ್ಕ್ಯಾನಿಗೆ ಗೊತ್ತುಮಾಡಿದ ದಿವಸದ ಹಿಂದಿನ ಸಂಜೆ ನಮ್ಮ ತಾಯಿಯವರು ಊರಿನಿಂದ ಬಂದರು. ಸೂಜಿಯ ಮಾತನ್ನು ಕೇಳಿದೊಡನೆಯೇ ಅವರ ಮುಖ ಬಾಡಿತು. ಎಲ್ಲರೂ ಮಲಗಿದ ಮೇಲೆ ನನ್ನ ಹಾಸಿಗೆಯ ಬಳಿ ಬಂದು ಕುಳಿತು, “ಮಗು, ನಿನಗೆ ಒಂದು ಮಾತು ಹೇಳಿರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಿನಗೆ ಬಂದದ್ದು ಬರೀ ಎದೆ ನೆಗಡಿಯಲ್ಲ. ಡಾಕ್ಟರು ಕ್ಷಯವೆಂದೇ ಹೇಳಿದ್ದರು. ಆರು ತಿಂಗಳು ನೀನು ನುಂಗಿದ ಮಾತ್ರೆ ಶಕ್ತಿಯ ಮಾತ್ರೆಯಲ್ಲ. ಊರಿಗೆ ಗೊತ್ತಾದರೆ ನಾಳೆ ನಿನಗೆ ಹೆಣ್ಣು ಕೊಡುವವರು ಯಾರು ಎಂದು ನಿಮ್ಮಪ್ಪನೂ ನಾನೂ ಬಾಯಿ ಮುಚ್ಚಿಕೊಂಡೆವು” ಎಂದರು. ಆ ಮಾತನ್ನಾಡುವುದಕ್ಕೆ ಅವರಿಗೆ ಇಪ್ಪತ್ತೈದು ವರ್ಷಕ್ಕೂ ಮೀರಿ ಹಿಡಿದಿತ್ತು. ನಾನು ಡಾಕ್ಟರಿಗೆ ಧೈರ್ಯವಾಗಿ ಹೇಳಿದ ‘ಇಲ್ಲ’ವೆಂಬುದು ನನ್ನ ಮಟ್ಟಿಗೆ ಸತ್ಯವಾಗಿತ್ತು, ಆದರೆ ನನ್ನ ಎದೆಗೆ ಅದು ಸುಳ್ಳೆಂದು ಗೊತ್ತಿತ್ತು.

ಆ ಕಾಲದ ಚಿತ್ರವನ್ನು ತಾಯಿಯವರು ಬಟ್ಟೆಯಲ್ಲಿ ಸುತ್ತಿ ಊರ ಮನೆಯ ಅಟ್ಟದ ಮೇಲೆ ಬಚ್ಚಿಟ್ಟಿದ್ದರು. ನನ್ನ ತಮ್ಮ ಮರುದಿವಸವೇ ಹೋಗಿ ಹುಡುಕಿದ. ಸಿಕ್ಕಿತು, ಆದರೆ ಅರ್ಧ. 2019ನೆಯ ಡಿಸೆಂಬರ್ 26ರ ಸೂರ್ಯಗ್ರಹಣದಂದು ಮನೆಯ ಮಕ್ಕಳು ಅದನ್ನು ಕತ್ತರಿಸಿ, ಕಣ್ಣಿಗೆ ಹಿಡಿದು ಗ್ರಹಣ ನೋಡಿದ್ದರಂತೆ. ಹೀಗೆ ನೋಡುವುದು ಕಣ್ಣಿಗೆ ಅಪಾಯವೆಂಬುದನ್ನು ಈ ಸಂದರ್ಭದಲ್ಲಿ ಹೇಳಿಬಿಡುತ್ತೇನೆ. ಕ್ಷ-ಕಿರಣದ ಫಿಲ್ಮು ಸೂರ್ಯನ ಕಾಣದ ಶಾಖವನ್ನು ತಡೆಯಲಾರದು. ಉಳಿದಿದ್ದ ತುಂಡಿನಲ್ಲಿ ಎಡಗಡೆಯ ಶ್ವಾಸಕೋಶವಿತ್ತು. ನಮಗೆ ಬೇಕಾದ ಬಲಗಡೆಯ ಭಾಗ ಗ್ರಹಣದ ಪಾಲಾಗಿತ್ತು.

ಆ ತುಂಡನ್ನೇ ಹಿಡಿದುಕೊಂಡು ಸ್ಕ್ಯಾನಿನ ಕೇಂದ್ರದಲ್ಲಿದ್ದ ವೃದ್ಧ ರೇಡಿಯಾಲಜಿಸ್ಟರ ಕೋಣೆಗೆ ಹೋದೆ. ಅವರು ನನ್ನನ್ನು ಕೂರಿಸಿ ಎಲ್ಲವನ್ನೂ ಕೇಳಿದರು: ಜ್ವರ ಎಷ್ಟು ದಿವಸವಿತ್ತು, ಎಷ್ಟು ತಿಂಗಳು ಮಾತ್ರೆ ತೆಗೆದುಕೊಂಡಿರಿ, ಈಗ ತೂಕ ಇಳಿದಿದೆಯೆ, ಕಫದಲ್ಲಿ ರಕ್ತ ಕಂಡಿತೆ. ಬಳಿಕ ಸ್ಕ್ಯಾನನ್ನು ಮತ್ತೆ ಮೊದಲಿನಿಂದ ನೋಡಿದರು. “ಮೇಷ್ಟ್ರೇ, ನಿನ್ನೆಯವರೆಗೂ ಇದು ನನಗೆ ಹೆಸರಿಲ್ಲದ ನೆರಳು. ಈಗ ಇದಕ್ಕೊಂದು ಪೂರ್ವೋತ್ತರ ಸಿಕ್ಕಿತು. ಇದು ಮಾಯ್ದ ಕಲೆಯಿರಬೇಕು. ಆದರೂ ಕಫವನ್ನು ಪರೀಕ್ಷಿಸಲಿ. ಮೂರು ತಿಂಗಳ ಮೇಲೆ ಇನ್ನೊಂದು ಚಿತ್ರ ತೆಗೆಯೋಣ. ಸೂಜಿಗೆ ಅವಸರವಿಲ್ಲವೆಂದು ನಿಮ್ಮ ಡಾಕ್ಟರಿಗೆ ನಾನೇ ಹೇಳುತ್ತೇನೆ” ಎಂದರು. ಕಫದಲ್ಲಿ ಏನೂ ಸಿಕ್ಕಲಿಲ್ಲ. ಮೂರು ತಿಂಗಳ ಮೇಲೂ, ಒಂಬತ್ತು ತಿಂಗಳ ಮೇಲೂ ಆ ನೆರಳು ಇದ್ದಲ್ಲಿಯೇ ಇದ್ದಷ್ಟೇ ಇತ್ತು. ಕೆಮ್ಮು ಬೇರೆ ಕಾರಣದ್ದು, ತಾನಾಗಿ ಹೋಯಿತು. ಅಟ್ಟದ ಮೇಲಿನ ಹಾಳೆಯೊಂದು ಇಡಿಯಾಗಿ ಉಳಿದಿದ್ದರೆ, ಅಥವಾ ಆ ಕಾಯಿಲೆಯ ಹೆಸರನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಿದ್ದರೆ, ಇಷ್ಟು ದಿವಸದ ಸಂಕಟ ಬಹುಪಾಲು ತಪ್ಪುತ್ತಿತ್ತು.

ಯಂತ್ರಗಳು ಈಗ ಎಷ್ಟೋ ಮುಂದುವರಿದಿವೆಯಲ್ಲ, ಇನ್ನೂ ಈ ಕಥೆಯ ಅಗತ್ಯವೇಕೆ ಎಂದು ತಾವು ಕೇಳಬಹುದು. ಮುಂದುವರಿದಿರುವುದು ನಿಜ. 1971ನೆಯ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡರು ರೂಪಿಸಿದ ಯಂತ್ರವು ರೋಗಿಯ ಮಿದುಳನ್ನು, ಸೌತೆಕಾಯಿಯನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿ ನೋಡಿದಂತೆ, ಕತ್ತಿ ಸೋಕಿಸದೆ ತೋರಿಸಿಕೊಟ್ಟಿತು. ಇದೇ ಸಿ.ಟಿ. ಸ್ಕ್ಯಾನ್. ಸುತ್ತಲಿಂದ ತೆಗೆದ ನೆರಳುಗಳನ್ನೆಲ್ಲ ಗಣಿತದಿಂದ ಕೂಡಿಸಿ ಒಳಗಿನ ಆಕೃತಿಯನ್ನು ಮತ್ತೆ ಕಟ್ಟುವುದೇ ಇದರ ಗುಟ್ಟು. ಆ ಕಟ್ಟುವಿಕೆಗೆ ಚುರುಕಾದ ಗಣಿತಮಾರ್ಗವೊಂದನ್ನು ಅದೇ 1971ರಲ್ಲಿ ಪ್ರಕಟಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಎನ್. ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್ ಎಂಬುದು ನಾವು ನೆನೆಯಬೇಕಾದ ಸಂಗತಿ. ಮುಂದೆ ಬಂದ ಯಂತ್ರಗಳಲ್ಲಿ ಆ ಬಗೆಯ ಗಣಿತವು ಬಹುಕಾಲ ಬಳಕೆಯಲ್ಲಿತ್ತು. ಎಂ.ಆರ್.ಐ. ಎಂಬುದರಲ್ಲಿ ಕ್ಷ-ಕಿರಣವೇ ಇಲ್ಲ. ಬಲವಾದ ಅಯಸ್ಕಾಂತವು ಶರೀರದ ನೀರಿನಲ್ಲಿರುವ ಜಲಜನಕದ ಬೀಜಗಳನ್ನು ಮಾತನಾಡಿಸುತ್ತದೆ.

ಆದರೆ ಯಂತ್ರದ ಕಣ್ಣು ಹರಿತವಾದಷ್ಟೂ ಅದಕ್ಕೆ ಬೇಡವಾದುದೂ ಕಾಣತೊಡಗುತ್ತದೆ. 1994ರಲ್ಲಿ ಅಮೆರಿಕದ ವೈದ್ಯರು, ಬೆನ್ನುನೋವೇ ಇಲ್ಲದ 98 ಮಂದಿಯ ಬೆನ್ನುಮೂಳೆಯನ್ನು ಎಂ.ಆರ್.ಐ.ಯಿಂದ ನೋಡಿದರು. ನೂರಕ್ಕೆ 52ರಷ್ಟು ಮಂದಿಯಲ್ಲಿ ಒಂದಾದರೂ ಮೂಳೆನಡುವಿನ ಬಿಲ್ಲೆ ಉಬ್ಬಿದ್ದಿತು. ಇವರೆಲ್ಲ ನೆಮ್ಮದಿಯಾಗಿ ಓಡಾಡಿಕೊಂಡಿದ್ದ ಜನ. ನೋವಿನ ಕಥೆಯನ್ನು ಬಿಟ್ಟು ಚಿತ್ರವನ್ನು ಮಾತ್ರ ನಂಬಿದರೆ, ರೋಗವಿಲ್ಲದವರಿಗೂ ಚಿಕಿತ್ಸೆ ನಡೆದೀತು.

ಚಿತ್ರವು ತಾನಾಗಿ ಮಾತನಾಡುವುದಿಲ್ಲ, ನಾವು ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತದೆ ಎಂದಮೇಲೆ, ಕೇಳಬಾರದ ಪ್ರಶ್ನೆಯೂ ಇರುತ್ತದೆ. ಕಿವಿಗೆ ಕೇಳದ ಶಬ್ದದ ಪ್ರತಿಧ್ವನಿಯಿಂದ ಗರ್ಭದ ಶಿಶುವನ್ನು ಕಾಣುವ ಅಲ್ಟ್ರಾಸೌಂಡ್ ವಿಧಾನವನ್ನು ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಮತ್ತು ಅವರ ಸಂಗಡಿಗರು 1958ರಲ್ಲಿ ವೈದ್ಯಲೋಕಕ್ಕೆ ತಿಳಿಸಿದರು. ಲೋಹದಲ್ಲಿ ಬಿರುಕನ್ನು ಹುಡುಕುವ ಕಾರ್ಖಾನೆಯ ಉಪಕರಣವೇ ಅದಕ್ಕೆ ಮೂಲ. ತಾಯಿಯನ್ನೂ ಮಗುವನ್ನೂ ಉಳಿಸಲು ಹುಟ್ಟಿದ ಈ ವಿದ್ಯೆಯನ್ನು ನಮ್ಮ ದೇಶದಲ್ಲಿ ಹೆಣ್ಣುಶಿಶುವನ್ನು ಗುರುತಿಸಿ ಕೊಲ್ಲುವುದಕ್ಕೆ ಬಳಸಿದರಲ್ಲ, ಅದಕ್ಕಿಂತ ನಾಚಿಕೆಗೇಡು ಯಾವುದು? ಅದನ್ನು ತಡೆಯುವುದಕ್ಕೆಂದೇ 1994ರಲ್ಲಿ ಕಾನೂನಾಯಿತು. ಗರ್ಭದ ಶಿಶು ಗಂಡೋ ಹೆಣ್ಣೋ ಎಂದು ಹೇಳುವುದೂ ಅಪರಾಧ, ಕೇಳುವುದೂ ಅಪರಾಧ. ಓದುಬರಹ ಬಲ್ಲ ಪಟ್ಟಣದ ಮನೆಗಳಿಂದಲೇ ಈ ಪ್ರಶ್ನೆ ಪಿಸುಮಾತಿನಲ್ಲಿ ಹೊರಡುವುದನ್ನು ನಾನು ಕೇಳಿದ್ದೇನೆ. ಆದುದರಿಂದ ಈ ಮಾತನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಇನ್ನು ಅಪಾಯದ ವಿಷಯ. ಎಡಿಸನ್ ಮಹಾಶಯರ ಸಹಾಯಕನಾಗಿದ್ದ ಕ್ಲಾರೆನ್ಸ್ ಡ್ಯಾಲಿ, ಕ್ಷ-ಕಿರಣದ ಹಾನಿಯನ್ನು ಅರಿಯದೆ ಅದರ ಮುಂದೆ ಕೈಯೊಡ್ಡುತ್ತಿದ್ದು, ತೋಳುಗಳನ್ನು ಕಳೆದುಕೊಂಡು 1904ರಲ್ಲಿ ತೀರಿಕೊಂಡ. ಹೀಗೆ ಪ್ರಾಣ ತೆತ್ತವರ ಸ್ಮಾರಕವೊಂದು 1936ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಸ್ಥಾಪಿತವಾಯಿತು. ಅವರ ಸಾವಿನಿಂದ ಕಲಿತ ಪಾಠವೇ ಇಂದಿನ ಸೀಸದ ಗೋಡೆ, ಸೀಸದ ಉಡುಪುಗಳು. ಇಂದು ಎದೆಯ ಒಂದು ಚಿತ್ರಕ್ಕೆ ಹೆದರಬೇಕಾದುದಿಲ್ಲ. ಭೂಮಿಯಿಂದಲೂ ಆಕಾಶದಿಂದಲೂ ನಮ್ಮ ಮೇಲೆ ಸಹಜವಾಗಿ ಬೀಳುವ ವಿಕಿರಣ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್, ಎದೆಯ ಒಂದು ಚಿತ್ರದಿಂದ ಬರುವುದು 0.1 ಮಿಲಿಸೀವರ್ಟನ್ನು ಮೀರುವುದು ಅಪರೂಪ. ಎದೆಯ ಸಿ.ಟಿ. ಸ್ಕ್ಯಾನಿನಿಂದಾದರೋ ಅದರ ಹತ್ತಾರು ಪಟ್ಟು ಬರಬಹುದು. ಬೇಕಾದಾಗ ಹಿಂಜರಿಯಬಾರದು, ಬೇಡದಾಗ, ದುಡ್ಡಿದೆ, ಒಂದು ಸ್ಕ್ಯಾನ್ ಆಗಿಯೇ ಬಿಡಲಿ ಎಂದು ವೈದ್ಯರನ್ನು ಕಾಡಬಾರದು.

ಕಡೆಯದಾಗಿ, ರೋಗಿಗಳೂ ರೋಗಿಗಳ ಮನೆಯವರೂ ನೆನಪಿಡಬೇಕಾದ ಕೆಲವು ಮಾತು. ಹಳೆಯ ಚಿತ್ರಗಳನ್ನೂ ವರದಿಗಳನ್ನೂ ಎಸೆಯಬೇಡಿ. ಈಗ ಅವು ತಟ್ಟೆಯಲ್ಲಿಯೋ ಫೋನಿನಲ್ಲಿಯೋ ಬರುತ್ತವೆ, ಅವನ್ನೂ ಜೋಪಾನಮಾಡಿ ಪರೀಕ್ಷೆಗೆ ಹೋಗುವಾಗ ಒಯ್ಯಿರಿ. ಯಾವ ಸಂದೇಹಕ್ಕಾಗಿ ಚಿತ್ರ ಬೇಕಾಗಿದೆ, ಅದರ ಉತ್ತರದಿಂದ ಚಿಕಿತ್ಸೆ ಬದಲಾಗುವುದೆ ಎಂದು ನಿಮ್ಮ ಡಾಕ್ಟರನ್ನು ವಿನಯದಿಂದ ಕೇಳಿ; ಆ ಸಂದೇಹವನ್ನು ಚೀಟಿಯಲ್ಲಿ ಬರೆಯಿಸಿಕೊಳ್ಳಿ. ಗರ್ಭಿಣಿಯಾಗಿರುವ ಸಂಭವವಿದ್ದರೆ ಮೊದಲೇ ತಿಳಿಸಿ. ಎಂ.ಆರ್.ಐ.ಗೆ ಹೋಗುವವರು ಮೈಯೊಳಗೆ ಹೃದಯದ ಯಂತ್ರವನ್ನೋ ಲೋಹದ ತುಂಡನ್ನೋ ಇರಿಸಿದ್ದರೆ ಮುಚ್ಚಿಡಬೇಡಿ. ಹೊಟ್ಟೆಯ ಸ್ಕ್ಯಾನಿಗೆ ಉಪವಾಸ ಬನ್ನಿರೆಂದರೆ ಕಾಫಿಯೊಂದಕ್ಕೇನು ಎನ್ನಬೇಡಿ. ಉಂಡಮೇಲೆ ಪಿತ್ತಕೋಶ ಕುಗ್ಗಿ, ಒಳಗಿನ ಕಲ್ಲು ಕಾಣದೆ ಹೋಗಬಹುದು.

ಎಲ್ಲಕ್ಕಿಂತ ಮಿಗಿಲಾಗಿ, ಹಿಂದೆ ಬಂದ ಕಾಯಿಲೆಯ ಹೆಸರನ್ನು ಮರೆಮಾಚಬೇಡಿ. ಕ್ಷಯವಾಗಲಿ ಮತ್ತಾವುದೇ ಆಗಲಿ, ರೋಗವು ಅವಮಾನವಲ್ಲ. ನಮ್ಮ ತಾಯಿಯವರು ಮಗನ ಮೇಲಿನ ಪ್ರೀತಿಯಿಂದಲೇ ಬಾಯಿ ಮುಚ್ಚಿಕೊಂಡಿದ್ದರು; ಆ ಪ್ರೀತಿಯೇ ಒಂದು ದಿವಸ ಮಗನನ್ನು ಸೂಜಿಯ ಮೊನೆಯವರೆಗೆ ಕೊಂಡೊಯ್ದಿತು. ಈಗ ನಮ್ಮ ಮನೆಯಲ್ಲಿ ಒಂದು ಪುಸ್ತಕವಿದೆ. ಯಾರಿಗೆ ಯಾವ ವರ್ಷ ಯಾವ ಕಾಯಿಲೆಯಾಯಿತು, ಯಾವ ಔಷಧಿ ನಡೆಯಿತು ಎಂಬುದನ್ನು ಅದರಲ್ಲಿ ಬರೆದಿಡುತ್ತೇವೆ. ಅದರ ಮೊದಲನೆಯ ಪುಟದಲ್ಲಿ ನನ್ನ ಹತ್ತೊಂಬತ್ತನೆಯ ವಯಸ್ಸಿನ ಕಾಯಿಲೆಯ ಹೆಸರನ್ನು ಬರೆದವರು ನಮ್ಮ ತಾಯಿಯವರೇ. ತಮ್ಮ ತಮ್ಮ ಮನೆಗಳಲ್ಲಿಯೂ ಅಂಥದೊಂದು ಪುಸ್ತಕವನ್ನು ಇಂದೇ ತೆರೆಯಿರೆಂದು ಬೇಡಿಕೊಂಡು ಈ ಭಾಷಣವನ್ನು ಮುಗಿಸುತ್ತೇನೆ.